ಹನ್ನೊಂದನೆಯ ಸಾಲಿನ ಟಿಕ್

ನಿವೃತ್ತಿ ಎಂಬ ಮಾತು ನನ್ನ ವಯಸ್ಸಿಗೆ ಹೊಂದುವುದಿಲ್ಲ. ಆದರೆ ಕಂಪನಿ ಕೊಟ್ಟ ಕಾಗದದಲ್ಲಿ ‘ಸ್ವಯಂ ನಿವೃತ್ತಿ’ ಎಂದೇ ಇದೆ. ವಿಕ್ರೋಳಿಯ ನಮ್ಮ ಆಫೀಸಿನ ಕಂಪ್ಯೂಟರ್ ವಿಭಾಗದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದೆ. ಈಗ ಬರುವ ಹೊಸ ಯಂತ್ರಗಳು ಪೆಟ್ಟಿಗೆಯಿಂದ ಹೊರಬಂದು ಇಂಟರ್‌ನೆಟ್ ಸಿಕ್ಕ ಕೂಡಲೇ ತಮಗೆ ಬೇಕಾದ್ದನ್ನೆಲ್ಲ ತಾವೇ ಹೊಂದಿಸಿಕೊಳ್ಳುತ್ತವೆ. ಸ್ಕ್ರೂಡ್ರೈವರ್ ಮತ್ತು ಒಂದು ಹಾಳೆ ಹಿಡಿದು ಮೇಜಿನಿಂದ ಮೇಜಿಗೆ ಹೋಗುವವರ ಅಗತ್ಯ ಉಳಿಯಲಿಲ್ಲ. ವಿಭಾಗವನ್ನು ಮುಚ್ಚಿದರು. ನನಗೆ ಬೇಸರವಿಲ್ಲ. ಕೆಲಸ ಕೊಟ್ಟದ್ದು ಬಹಳ.

ಘಾಟ್ಕೋಪರ್‌ನ ನಮ್ಮ ಬಿಲ್ಡಿಂಗಿನ ಇಬ್ಬರು ಹುಡುಗಿಯರು ಈ ವರ್ಷ ಇಂಥದೇ ಕೆಲಸಕ್ಕೆ ಸೇರಿದ್ದಾರೆ. “ದೀದಿ, ಅಲ್ಲಿ ಆಕ್ಚುಲಿ ಏನ್ ಮಾಡ್ಬೇಕು?” ಎಂದು ಲಿಫ್ಟಿನಲ್ಲಿ ಕೇಳಿದರು. ನಾಲ್ಕನೆಯ ಮಹಡಿ ಬರುವಷ್ಟರಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಅದು. ಬರೆದು ಕೊಡುತ್ತೇನೆ ಎಂದೆ. ಇಬ್ಬರಿಗೂ ಕನ್ನಡ ಅರ್ಥವಾಗುತ್ತದೆ, ಓದುವುದು ನಿಧಾನ. ಆದ್ದರಿಂದ ಸಣ್ಣ ವಾಕ್ಯಗಳಲ್ಲಿ ಬರೆಯುತ್ತಿದ್ದೇನೆ. ನಾನು ಏಳನೆಯವರೆಗೆ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿದವಳು, ಆಮೇಲಿನದು ಪದವಿಯವರೆಗೂ ಇಂಗ್ಲಿಷಿನಲ್ಲಿ. ನಮ್ಮ ಹಿರಿಯರು ಬಾಗಲಕೋಟೆ ಕಡೆಯವರು. ನನ್ನ ಬಗ್ಗೆ ಇಷ್ಟು ಸಾಕು.

ಮೊದಲು ಡೊಮೇನ್ ಎಂದರೆ ಏನೆಂದು ಹೇಳಬೇಕು. ನಮ್ಮ ಸೊಸೈಟಿಯ ಗೇಟನ್ನು ನೆನೆಸಿಕೊಳ್ಳಿ. ವಾಚ್‌ಮನ್ ಬಳಿ ಒಂದು ಪಟ್ಟಿ ಇದೆ. ಪಟ್ಟಿಯಲ್ಲಿ ಹೆಸರಿದ್ದವರನ್ನು ಒಳಗೆ ಬಿಡುತ್ತಾನೆ, ಯಾರು ಯಾವ ವಿಂಗ್, ಯಾರಿಗೆ ಟೆರೇಸಿನ ಕೀಲಿ ಕೊಡಬಹುದು ಎಂಬುದೂ ಅವನಿಗೆ ಗೊತ್ತು. ಆಫೀಸಿನ ಎಲ್ಲ ಕಂಪ್ಯೂಟರುಗಳಿಗೂ ಇಂಥದೊಂದು ಗೇಟು ಮತ್ತು ಪಟ್ಟಿ ಇರುತ್ತದೆ. ಪಟ್ಟಿಯನ್ನು ಸರ್ವರ್ ನೋಡಿಕೊಳ್ಳುತ್ತದೆ. ಈ ಏರ್ಪಾಡಿಗೆ ಡೊಮೇನ್ ಎನ್ನುತ್ತಾರೆ. ಕಂಪ್ಯೂಟರೊಂದು ಡೊಮೇನಿಗೆ ಸೇರದಿದ್ದರೆ ಅದು ಗೇಟಿನ ಹೊರಗೆ ನಿಂತ ಅತಿಥಿಯಂತೆ. ಯಂತ್ರ ಚೆನ್ನಾಗಿಯೇ ಇರುತ್ತದೆ, ಆದರೆ ಆಫೀಸಿನ ಯಾವ ಕೆಲಸವೂ ಅದರಲ್ಲಿ ಆಗುವುದಿಲ್ಲ. ಯಾಕೆ ಒಳಗೆ ಬಿಡುತ್ತಿಲ್ಲ ಎಂದು ಕಂಡುಹಿಡಿಯುವುದೇ ನನ್ನ ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗವಾಗಿತ್ತು.

ಕಲಿಸಿದವರು ಸಾಲಿಯಾನ್ ಸರ್, ನಮ್ಮ ವಿಭಾಗದ ಮುಖ್ಯಸ್ಥರು. ಉಡುಪಿ ಕಡೆಯವರು. ಮಾವನ ಹೋಟೆಲಿನ ಗಲ್ಲಾದಲ್ಲಿ ಕೂತು, ರಾತ್ರಿ ಶಾಲೆಯಲ್ಲಿ ಓದಿ ಈ ಕೆಲಸಕ್ಕೆ ಬಂದವರು. ಮೊದಲ ದಿನ ನನ್ನ ಅಂಕಪಟ್ಟಿಯನ್ನು ತಿರುಗಿಸಿ ನೋಡಿ ಮರಳಿ ಕೊಟ್ಟರು.

“ಇಷ್ಟು ಕಲಿತದ್ದು ಒಳ್ಳೇದು ಮಾರಾಯ್ತಿ. ಆದ್ರೆ ಹಾಳಾದ ಕಂಪ್ಯೂಟರಿಗೆ ಇದನ್ನು ತೋರಿಸ್ಲಿಕ್ಕೆ ಆಗುದಿಲ್ಲ.”

ಆಮೇಲೆ ಒಂದು ಹಾಳೆ ಕೊಟ್ಟರು. ಅದರಲ್ಲಿ ಹದಿನಾರು ಸಾಲುಗಳು, ಪ್ರತಿ ಸಾಲಿನ ಮುಂದೆ ಒಂದು ಚೌಕ. ವೈರ್ ಸರಿಯಾಗಿ ಕೂತಿದೆಯೇ, ಯಂತ್ರದ ಹೆಸರು ಬೇರೆ ಯಾವುದಕ್ಕಾದರೂ ಇದೆಯೇ, ಸರ್ವರಿನ ವಿಳಾಸವನ್ನು ಅದು ಯಾರನ್ನು ಕೇಳುತ್ತಿದೆ, ಹೀಗೆ. ಒಂದೊಂದನ್ನೂ ನೋಡಿ ಟಿಕ್ ಹಾಕಿ, ಕೆಳಗೆ ಸಹಿ ಮಾಡಬೇಕು.

“ಟಿಕ್ ಹಾಕುದು ಅಂದ್ರೆ ಕೋರ್ಟಿನಲ್ಲಿ ಸಾಕ್ಷಿ ಹೇಳಿದ ಹಾಗೆ. ನೋಡದೆ ಹಾಕ್ಬೇಡ.”

ನಾನು ಅಚ್ಚುಕಟ್ಟಿನವಳು. ನೋಡದೆ ಟಿಕ್ ಹಾಕುವುದು ನನ್ನಿಂದ ಸಾಧ್ಯವೇ ಇರಲಿಲ್ಲ. ಹಾಗೆಂದು ನಂಬಿದ್ದೆ.

ತಪ್ಪುಗಳು ಮಾತ್ರ ಮೊದಲ ತಿಂಗಳೇ ಶುರುವಾದವು. ಡೈರೆಕ್ಟರರ ಸೆಕ್ರೆಟರಿಯ ಕಂಪ್ಯೂಟರ್ ಡೊಮೇನಿನೊಂದಿಗೆ ಮುನಿಸಿಕೊಂಡಿತ್ತು. ಒಮ್ಮೆ ಹೊರಗೆ ತೆಗೆದು ಮತ್ತೆ ಸೇರಿಸಿದರೆ ಸರಿಹೋಗುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಹೊರಗೆ ತೆಗೆದೆ. ಯಂತ್ರ ಮತ್ತೆ ಶುರುವಾಗಿ ಅದರ ಸ್ವಂತ ಪಾಸ್‌ವರ್ಡ್ ಕೇಳಿತು. ಅದು ನನಗೆ ಗೊತ್ತಿರಲಿಲ್ಲ, ಆ ಮಹಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಳಗೂ ಇಲ್ಲ, ಹೊರಗೂ ಇಲ್ಲ. ಸಾಲಿಯಾನ್ ಸರ್ ಬಂದು ತಮ್ಮ ಹಳೆಯ ಡೈರಿಯಿಂದ ಒಂದಾದ ಮೇಲೊಂದು ಪಾಸ್‌ವರ್ಡ್ ಹಾಕಿ ನೋಡಿದರು. ಏಳನೆಯದು ಸರಿಹೋಯಿತು. ಸೆಕ್ರೆಟರಿಯ ಎದುರು ಒಂದು ಮಾತೂ ಆಡಲಿಲ್ಲ. ಮೆಟ್ಟಿಲಿಳಿಯುವಾಗ ಹೇಳಿದರು: “ಮನೆಯಿಂದ ಹೊರಗೆ ಬಂದು ಬಾಗಿಲು ಎಳೆಯುವ ಮೊದಲು ಕೀಲಿ ಕೈಯಲ್ಲಿ ಉಂಟಾ ಅಂತ ನೋಡ್ಬೇಕು. ಅಷ್ಟೇ.”

ಇನ್ನೊಂದು ಸ್ಟೋರ್ಸ್ ವಿಭಾಗದ್ದು. ಅಲ್ಲಿ ಎದುರುಬದುರು ಕೂರುವ ಇಬ್ಬರು ಗುಮಾಸ್ತರು. ಒಬ್ಬರ ಯಂತ್ರ ಸರಿಮಾಡಿದರೆ ಮರುದಿನ ಇನ್ನೊಬ್ಬರದು ಕೆಡುತ್ತಿತ್ತು. ನಾನು ಬರುವ ಹೊತ್ತಿಗೆ ಅವರು ಪರಸ್ಪರ ಮಾತು ಬಿಟ್ಟು ಎಂಟು ತಿಂಗಳಾಗಿತ್ತು, ಒಬ್ಬರು ಇನ್ನೊಬ್ಬರ ಯಂತ್ರ ಕೆಡಿಸುತ್ತಿದ್ದಾರೆಂದು ಇಬ್ಬರಿಗೂ ಅನುಮಾನ. ಕಾರಣ ಏನೆಂದರೆ ಎರಡೂ ಯಂತ್ರಗಳಿಗೆ ಒಂದೇ ಹೆಸರಿತ್ತು. ಒಂದನ್ನು ಪಟ್ಟಿಗೆ ಸೇರಿಸಿದರೆ ಸರ್ವರ್ ಇನ್ನೊಂದನ್ನು ಮರೆತುಬಿಡುತ್ತಿತ್ತು. ಒಂದರ ಹೆಸರು ಬದಲಿಸಿದೆ, ಐದು ನಿಮಿಷದ ಕೆಲಸ. ಸಾಲಿಯಾನ್ ಸರ್ ಇಬ್ಬರನ್ನೂ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಒಂದೇ ಮೇಜಿನಲ್ಲಿ ಕೂರಿಸಿ ಚಹಾ ಕುಡಿಸಿದರು. “ಇದು ಹದಿನೇಳನೇ ಸಾಲು, ಹಾಳೆಯಲ್ಲಿ ಇಲ್ಲ” ಎಂದರು.

ಇವು ನಗುವ ಕತೆಗಳು. ನಾನು ಬರೆಯಲೇಬೇಕಾದದ್ದು ಬೊರಿವಲಿಯದು.

ಅದು ನಡೆದದ್ದು ನಾನು ಸೇರಿದ ಆರನೆಯ ತಿಂಗಳಲ್ಲಿ. ಪ್ರೊಬೇಷನ್ ಮುಗಿಯುವ ತಿಂಗಳು, ಕೆಲಸ ಕಾಯಂ ಆಗುತ್ತದೋ ಇಲ್ಲವೋ ಎಂದು ತಿಳಿಯಬೇಕಾದ ತಿಂಗಳು. ನಮ್ಮದು ಔಷಧಿ ಸಾಗಿಸುವ ಕಂಪನಿ. ಬೊರಿವಲಿಯಲ್ಲಿ ಒಂದು ಸಣ್ಣ ಗೋದಾಮು, ಅದರಲ್ಲಿ ಒಂದೇ ಮೇಜು, ಒಂದೇ ಕಂಪ್ಯೂಟರ್. ಯಾವ ಆಸ್ಪತ್ರೆಗೆ ಯಾವ ಪೆಟ್ಟಿಗೆ ಹೋಯಿತು ಎಂದು ಅಲ್ಲಿಂದ ದಾಖಲಾಗುತ್ತಿತ್ತು. ಹೊಸ ಸಾಫ್ಟ್‌ವೇರ್ ಬಂದಿತ್ತು. ಅದು ಡೊಮೇನಿಗೆ ಸೇರಿದ ಯಂತ್ರಗಳಲ್ಲಿ ಮಾತ್ರ ನಡೆಯುತ್ತಿತ್ತು. ತಿಂಗಳ ಕೊನೆಯೊಳಗೆ ಎಲ್ಲ ಶಾಖೆಗಳೂ ಸೇರಬೇಕು, ಸೇರದ ಶಾಖೆಯ ದಾಖಲೆ ಕೆಲಸ ವಿಕ್ರೋಳಿಗೆ ಬರುತ್ತದೆ ಎಂದು ಆಡಳಿತ ನೋಡುವ ಮೆಹ್ತಾ ಸಾಹೇಬರು ಸುತ್ತೋಲೆ ಕಳಿಸಿದ್ದರು. ಎಲ್ಲವೂ ಸೇರಿದವು. ಬೊರಿವಲಿಯದು ಸೇರಲಿಲ್ಲ. ಫೋನಿನಲ್ಲಿ ಎರಡು ದಿನ ಪ್ರಯತ್ನಿಸಿ ಮೂರನೆಯ ದಿನ ನಾನೇ ಹೋದೆ.

ಔಷಧಿಯ ಗೋದಾಮಾದ್ದರಿಂದ ಮೊಬೈಲನ್ನು ಗೇಟಿನಲ್ಲಿ ಕೊಟ್ಟು ಹೋಗಬೇಕಿತ್ತು. ಒಳಗೆ ಮೇಜಿನ ಹಿಂದೆ ಕದಮ್ ಕಾಕಾ ಇದ್ದರು. ಐವತ್ತೇಳು ವರ್ಷ, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ. ನನ್ನ ಹಿಂದಿಯ ಎರಡು ವಾಕ್ಯ ಕೇಳಿ ಕನ್ನಡಕದ ಮೇಲಿಂದ ನೋಡಿದರು.

“ಯಾವೂರವಾ ನಿಮ್ಮದು?”

“ಬಾಗಲಕೋಟಿ ಕಡೆರಿ.”

“ಹಂಗಾರ ಹಿಂದಿ ಯಾಕ ಕಷ್ಟಪಟ್ಟು ಮಾತಾಡ್ತಿ? ನಾವು ಬೆಳಗಾವಿಯವರು. ಕಾಕಾ ಅನ್ನು. ಕೂಡು, ಚಾ ಹೇಳ್ತೀನಿ.”

ನಾನು ಹಾಳೆ ತೆಗೆದೆ. ಒಂದನೆಯ ಸಾಲಿನಿಂದ ಶುರುಮಾಡಿದೆ. ವೈರ್ ಸರಿ. ಹೆಸರು ಸರಿ. ಸರ್ವರಿನ ವಿಳಾಸ ಕೇಳುವ ಜಾಗ ತಪ್ಪಿತ್ತು, ಸರಿಮಾಡಿದೆ, ಇದೇ ಕಾರಣವಿರಬೇಕೆಂದು ಸಂತೋಷಪಟ್ಟೆ. ಆದರೂ ಸೇರಲಿಲ್ಲ. ಪ್ರವೇಶ ನಿರಾಕರಿಸಲಾಗಿದೆ ಎಂಬ ಒಂದೇ ಸಂದೇಶ. ಮುಂದುವರಿದೆ. ಹನ್ನೊಂದನೆಯ ಸಾಲು: ಯಂತ್ರದ ಸಮಯ ಸರಿಯಿದೆಯೇ. ಪರದೆಯ ಮೂಲೆಯಲ್ಲಿ ಹನ್ನೆರಡು ಇಪ್ಪತ್ತು. ತಲೆ ಎತ್ತಿ ಗೋಡೆಯ ಗಡಿಯಾರ ನೋಡಿದೆ, ಹನ್ನೆರಡು ಇಪ್ಪತ್ತು. ಟಿಕ್ ಹಾಕಿದೆ. ಹದಿನಾರೂ ಮುಗಿದವು.

ಅಷ್ಟರಲ್ಲಿ ಕಾಕಾ ಎದ್ದು ಚಪ್ಪಲಿ ಮೆಟ್ಟಿದರು.

“ನೀ ಮಾಡ್ಕೋಂತಿರು. ನಾ ಒಂದರ್ಧಾ ತಾಸಿನ್ಯಾಗ ಬಂದೆ. ಮನಿ ಇಲ್ಲೇ ಹಿಂದಿನ ಓಣ್ಯಾಗ. ಅಕಿಗೆ ಉಣಿಸಿ ಬರಬೇಕು.”

“ಆರಾಮಿಲ್ಲೇನ್ರಿ?”

“ಲಕ್ವಾ ಹೊಡೆದು ಬಲಗೈ ಹೋಗಿ ಎರಡು ವರ್ಷ ಆತು. ಎಡಗೈಲೆ ಉಣ್ಣಾಕ ನಾಚ್ಕೋತಾಳ. ಬಾಯಿ ಇಟ್ಟಿದ್ದೆ, ಅಕಿ ಕೈಲೆ ಒಂದು ತುತ್ತೂ ಮುಟ್ಟಲಿಲ್ಲ. ಕೆಲಸಕ್ಕ ಅಂತ ಇಟ್ಕೊಂಡಾಕಿ ಕೈಲೆ ಉಣ್ಣಂಗಿಲ್ಲಂತ. ಮದಿವ್ಯಾಗ ಒಂದು ತುತ್ತು ತಿನಿಸಿದ್ಯಲ್ಲ, ಈಗ ಮುಗಸು ಅಂತಾಳ ನನಗ.”

ಬಾಯಿ ಎಂದರೆ ಇಲ್ಲಿ ಮನೆಕೆಲಸದ ಹೆಂಗಸು. ಕಾಕಾ ನಗುತ್ತಲೇ ಹೋದರು, ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಯಂತ್ರ ಆಗಲೂ ಸೇರಿರಲಿಲ್ಲ.

ವಿಕ್ರೋಳಿಗೆ ಮರಳಿ ವರದಿ ಬರೆದೆ. ಹದಿನಾರು ಸಾಲೂ ಸರಿ, ಯಂತ್ರದಲ್ಲಿ ದೋಷವಿಲ್ಲ ಎಂದು ಬರೆದು ಅಲ್ಲಿಗೆ ನಿಲ್ಲಿಸಬಹುದಿತ್ತು. ಗೊತ್ತಾಗಲಿಲ್ಲ ಎಂದು ಒಪ್ಪಿಕೊಳ್ಳುವುದು ನನಗೆ ಅವಮಾನವೆನಿಸಿತು. ಇನ್ನೊಂದು ವಾಕ್ಯ ಸೇರಿಸಿದೆ: “ಆ ಸ್ಥಳದ ಸಂಪರ್ಕದ ಮೂಲಕ ಕಂಪ್ಯೂಟರನ್ನು ಡೊಮೇನಿಗೆ ಸೇರಿಸುವುದು ಸಾಧ್ಯವಿಲ್ಲ.” ಸಾಲಿಯಾನ್ ಸರ್ ಹಾಳೆಯ ಮೇಲೆ ಬೆರಳಾಡಿಸಿದರು.

“ಎಲ್ಲಾ ನೋಡಿದ್ದೀಯಾ? ಖಾತ್ರಿಯಾ?”

“ಹೌದ್ರಿ ಸರ್. ಒಂದೊಂದೂ ನೋಡೀನಿ.”

ಅವರು ಸಹಿ ಮಾಡಿದರು. ನಾಲ್ಕನೆಯ ದಿನ ಮೆಹ್ತಾ ಸಾಹೇಬರ ಆದೇಶ ಬಂತು. ಬೊರಿವಲಿಯ ಮೇಜನ್ನು ಮುಚ್ಚುವುದು, ಕದಮ್ ಅವರು ಮುಂದಿನ ಒಂದನೆಯ ತಾರೀಖಿನಿಂದ ವಿಕ್ರೋಳಿಯಲ್ಲಿ ಕೂರುವುದು. ಅದು ನನ್ನ ಆ ಕೊನೆಯ ವಾಕ್ಯದಿಂದ ನೇರವಾಗಿ ಇಳಿದು ಬಂದಿತ್ತು. ಬೊರಿವಲಿಯಿಂದ ಅಂಧೇರಿಗೆ ಲೋಕಲ್, ಅಲ್ಲಿಂದ ಘಾಟ್ಕೋಪರ್‌ಗೆ ಮೆಟ್ರೋ, ಅಲ್ಲಿ ಮತ್ತೆ ಸೆಂಟ್ರಲ್ ಲೈನಿನ ಲೋಕಲ್. ಒಂದು ಕಡೆಗೇ ಒಂದೂವರೆ ತಾಸು. ಮಧ್ಯಾಹ್ನ ಒಂದಕ್ಕೆ ಮನೆಗೆ ಹೋಗಿ ಉಣಿಸಿ ಬರುವ ಮಾತೇ ಇಲ್ಲ. ಇದೆಲ್ಲ ನನಗೆ ತಕ್ಷಣ ಹೊಳೆಯಿತು. ಆದರೆ ನನ್ನ ವರದಿ ನಿಜವಾದದ್ದು, ನಿಜದಿಂದ ಆಗುವುದಕ್ಕೆ ನಾನೇನು ಮಾಡಲಿ ಎಂದು ಸಮಾಧಾನ ಹೇಳಿಕೊಂಡೆ.

ಯಂತ್ರವನ್ನು ಕಟ್ಟಿಡಲು ನನ್ನನ್ನೇ ಕಳಿಸಿದರು. ಮರುದಿನ ಬೆಳಿಗ್ಗೆ ಟೆಂಪೋ ಬಂದು ಒಯ್ಯುವುದೆಂದಾಗಿತ್ತು. ಹೋಗುವಷ್ಟರಲ್ಲಿ ಕಾಕಾ ತಮ್ಮ ಕಾಗದಗಳನ್ನೆಲ್ಲ ದಾರ ಹಾಕಿ ಕಟ್ಟಿಟ್ಟಿದ್ದರು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

“ಸೊಸೈಟಿಗೆ ಸೇರೀನಿ, ಸಂಘಕ್ಕ ಸೇರೀನಿ, ಮೂವತ್ತು ವರ್ಷ ಲೋಕಲ್ ಗಾಡಿಯ ಭಜನಿ ಮಂಡಳಿಗೂ ಸೇರಿದ್ದೆ. ನಿಮ್ಮ ಡೊಮೇನ್ ಮಾತ್ರ ನನ್ನ ಸೇರಿಸ್ಕೊಳ್ಳಲಿಲ್ಲ ನೋಡವಾ.”

“ಮನ್ಯಾಗ ಹೆಂಗ ಮಾಡ್ತೀರಿ ಕಾಕಾ?”

“ನಿನ್ನಿಯಿಂದ ಅಕಿ ಎಡಗೈಲೆ ಉಣ್ಣೂದು ಕಲಿಯಾಕತ್ತಾಳ. ಅರ್ಧಾ ಅನ್ನ ಸೀರಿ ಮ್ಯಾಲ. ಆ ಕಡೆ ಮಾರಿ ಮಾಡಿ ಕೂಡು ಅಂತಾಳ ನನಗ, ನೋಡಬಾರದಂತ.” ದಾರದ ಗಂಟನ್ನು ಹಲ್ಲಿನಿಂದ ಬಿಗಿದರು. “ಕಲೀತಾಳ ಬಿಡು.”

ನಾನು ಯಂತ್ರವನ್ನು ರಟ್ಟಿನ ಪೆಟ್ಟಿಗೆಗೆ ಇಳಿಸಿ ಟೇಪು ಸುತ್ತಿದೆ. ಮುಗಿಸಿ ಎದ್ದಾಗ ಕಾಕಾ ಗೋಡೆಯ ಗಡಿಯಾರ ನೋಡಿ ಅವಸರ ಮಾಡಿದರು.

“ಆಗ್ಲೆ ಐದು ನಲವತ್ತು. ಇಲ್ಲಿಂದನ ಹೊರಡೂ ಒಂದು ಲೋಕಲ್ ಐತಿ, ಐದು ನಲವತ್ತೆಂಟಕ್ಕ. ಕೂಡಾಕ ಜಾಗಾ ಸಿಗತೈತಿ. ಲಗೂ ಹೋಗು, ನಿಂತು ಹೋಗೂದು ಬ್ಯಾಡ.”

ಗೇಟಿನಲ್ಲಿ ಮೊಬೈಲ್ ತೆಗೆದುಕೊಂಡು ಹಾಗೆಯೇ ಪರ್ಸಿಗೆ ಹಾಕಿ ಬಿರಬಿರನೆ ನಡೆದೆ. ಸ್ಟೇಷನ್ನಿಗೆ ಎಂಟು ನಿಮಿಷದ ದಾರಿ. ಮೆಟ್ಟಿಲಿಳಿದು ಲೇಡೀಸ್ ಡಬ್ಬಿ ನಿಲ್ಲುವ ಕಡೆ ಹೋಗಿ ನಿಂತೆ. ಗಾಡಿ ಇನ್ನೂ ಬಂದಿರಲಿಲ್ಲ. ತಲೆ ಎತ್ತಿ ಇಂಡಿಕೇಟರ್ ಬೋರ್ಡಿನ ಗಡಿಯಾರ ನೋಡಿದೆ. ಐದು ಮೂವತ್ತೆಂಟು.

ನಾನು ಹೊರಟದ್ದು ಐದು ನಲವತ್ತಕ್ಕೆ. ಎಂಟು ನಿಮಿಷ ನಡೆದು ಬಂದಿದ್ದೆ.

ಮೊದಲು ಇಂಡಿಕೇಟರ್ ಕೆಟ್ಟಿದೆ ಎಂದುಕೊಂಡೆ. ಮೊಬೈಲ್ ತೆಗೆದು ನೋಡಿದೆ, ಅಲ್ಲಿಯೂ ಐದು ಮೂವತ್ತೆಂಟು. ಆಗ ಹನ್ನೊಂದನೆಯ ಸಾಲು ನೆನಪಾಯಿತು.

ಇದನ್ನು ನಿಮಗೆ ವಿವರಿಸಬೇಕು. ಡೊಮೇನಿನ ಗೇಟಿನಲ್ಲಿ ಹೆಸರು ಹೇಳಿದರೆ ಸಾಲದು. ಯಂತ್ರಕ್ಕೂ ಸರ್ವರಿಗೂ ನಡುವೆ ಗಂಟೆ-ನಿಮಿಷ ಬರೆದ ಚೀಟಿಯೊಂದು ಓಡಾಡುತ್ತದೆ. ಯಾರೋ ಹಳೆಯ ಚೀಟಿಯನ್ನು ಕದ್ದು ತಂದಿರಬಹುದು ಎಂದು ಸರ್ವರಿಗೆ ಸದಾ ಅನುಮಾನ. ಚೀಟಿಯ ಹೊತ್ತಿಗೂ ತನ್ನ ಹೊತ್ತಿಗೂ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಅದು ಒಳಗೆ ಬಿಡುವುದಿಲ್ಲ. ಹನ್ನೊಂದನೆಯ ಸಾಲು ಹಾಳೆಯಲ್ಲಿ ಇದ್ದದ್ದು ಅದಕ್ಕೇ. ನಾನು ಆ ಸಾಲಿಗೆ ಟಿಕ್ ಹಾಕಿದ್ದೆ, ಗೋಡೆಯ ಗಡಿಯಾರ ನೋಡಿ.

ಗಾಡಿ ಬಂತು. ಕಿಟಕಿ ಪಕ್ಕದ ಸೀಟುಗಳು ಖಾಲಿ ಇದ್ದವು. ಹತ್ತದೆ ಮೆಟ್ಟಿಲೇರಿ ಮರಳಿ ನಡೆದೆ.

ಕಾಕಾ ಬೀಗದ ಕೈ ಹುಡುಕುತ್ತಿದ್ದರು. “ಏನವಾ, ಗಾಡಿ ತಪ್ಪಿತೇನ?”

“ಕಾಕಾ, ನಿಮ್ಮ ಗಡಿಯಾರ ಎಷ್ಟು ಮುಂದ ಐತ್ರಿ?”

“ಹತ್ತು ನಿಮಿಷ.” ಇದೇನು ಕೇಳುವ ವಿಷಯ ಎಂಬಂತೆ ನೋಡಿದರು. “ಮೊದಲ ದೂರ ಫೋರ್ಟಿನ ಆಫೀಸಿಗೆ ಹೋಗ್ತಿದ್ದಾಗಿನ ರೂಢಿ. ಹತ್ತು ನಿಮಿಷ ಮುಂದ ಇಟ್ರ ಫಾಸ್ಟ್ ಲೋಕಲ್ ಎಂದೂ ತಪ್ಪಂಗಿಲ್ಲ. ಮನ್ಯಾಂದು, ಕೈಯಾಂದು, ಗೋಡಿದು, ಎಲ್ಲಾ ಮುಂದ.”

“ಕಂಪ್ಯೂಟರಂದು?”

“ಅದನ್ನೂ ನಾನ ಇಟ್ಟೀನಿ. ಒಂದು ಮನ್ಯಾಗ ಎರಡು ಟೈಮ್ ಇರಬಾರದು.”

“ನನಗ ಹೇಳಲಿಲ್ಲಲ್ರಿ ಕಾಕಾ.”

“ಹೇಳಿದ್ರ ಮಂದಿ ಹತ್ತು ನಿಮಿಷ ಕಳದು ನೋಡ್ತಾರ. ಆಮ್ಯಾಲ ಮುಂದ ಇಟ್ಟು ಉಪಯೋಗ ಏನು?”

ನಮ್ಮ ಮನೆಯ ಅಡುಗೆಮನೆಯ ಗಡಿಯಾರವೂ ಐದು ನಿಮಿಷ ಮುಂದಿತ್ತು. ಈ ಊರಿನಲ್ಲಿ ಹುಟ್ಟಿ ಬೆಳೆದವಳಿಗೆ ಅದು ನೆನಪಾಗಬೇಕಿತ್ತು.

ಟೇಪು ಹರಿದು ಯಂತ್ರವನ್ನು ಮತ್ತೆ ಮೇಜಿನ ಮೇಲಿಟ್ಟೆ. ವೈರುಗಳನ್ನು ಸಿಕ್ಕಿಸಿದೆ. ಅದರ ಸಮಯವನ್ನು ಹತ್ತು ನಿಮಿಷ ಹಿಂದಕ್ಕೆ ಸರಿಸಿದೆ. ಡೊಮೇನಿನ ಹೆಸರು ಬರೆದು ಗುಂಡಿ ಒತ್ತಿದೆ. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ, ಡೊಮೇನಿಗೆ ಸ್ವಾಗತ ಎಂಬ ಸಣ್ಣ ಕಿಟಕಿ ತೆರೆದುಕೊಂಡಿತು. ಕಾಕಾ ಅದನ್ನು ಎರಡು ಸಲ ಓದಿದರು.

“ಇಷ್ಟ?”

“ಇಷ್ಟರಿ.”

“ಹಂಗಾರ ನಾನು ಇಲ್ಲೇ ಇರಬಹುದೇನ?”

ಸಂತೋಷಕ್ಕೆ ಹೌದು ಎನ್ನುವವಳಿದ್ದೆ. ಆದರೆ ಆದೇಶಕ್ಕೆ ಆಗಲೇ ಸಹಿ ಬಿದ್ದಿತ್ತು, ಅದನ್ನು ತಿರುಗಿಸುವುದು ನನ್ನ ಕೈಯಲ್ಲಿರಲಿಲ್ಲ. “ನಾಳೆ ಸಾಹೇಬರಿಗೆ ಹೇಳ್ತೀನ್ರಿ” ಎಂದೆ. ಬೆಳಗಿನ ಟೆಂಪೋ ಬಂದರೆ ಕಳಿಸಬೇಡಿ ಎಂದೂ ಹೇಳಿದೆ.

ಮರುದಿನ ಬೇಗ ಹೋಗಿ ಹೊಸ ವರದಿ ಬರೆದೆ. “ಬಳಕೆದಾರರು ಯಂತ್ರದ ಸಮಯವನ್ನು ಹತ್ತು ನಿಮಿಷ ಮುಂದೆ ಇಟ್ಟಿದ್ದರಿಂದ ಡೊಮೇನಿಗೆ ಸೇರುತ್ತಿರಲಿಲ್ಲ. ಸಮಯ ಸರಿಪಡಿಸಿ ಸೇರಿಸಲಾಗಿದೆ.” ಸಾಲಿಯಾನ್ ಸರ್ ಓದಿದರು. ಮತ್ತೊಮ್ಮೆ ಓದಿದರು.

“ಇದನ್ನು ನೋಡಿ ಮೆಹ್ತಾ ಎಂಥ ಹೇಳ್ತಾರೆ ಗೊತ್ತುಂಟಾ? ಗಡಿಯಾರ ತಿರುಗಿಸಿ ಆಫೀಸಿನ ಕೆಲ್ಸ ನಿಲ್ಲಿಸಿದ ಮನುಷ್ಯ ದೂರ ಯಾಕೆ, ಇಲ್ಲೇ ಕಣ್ಣೆದುರು ಇರ್ಲಿ ಅಂತ ಹೇಳ್ತಾರೆ. ವರ್ಗಾವಣೆ ಹಾಗೇ ಉಳೀತದೆ.”

“ಆದ್ರ ನಾ ಬರದದ್ದು ಖರೇನ ಐತೆಲ್ರಿ ಸರ್.”

“ನಿಜವೇ. ಹನ್ನೊಂದನೇ ಸಾಲಿನ ಟಿಕ್ ಯಾರದ್ದು?”

ನಾನು ವರದಿಯ ಹಾಳೆಯನ್ನು ಮರಳಿ ತೆಗೆದುಕೊಂಡೆ.

“ಎಂಥ ಬರಿಬೇಕು ಅಂತ ನಾನು ಹೇಳುದಿಲ್ಲ ಮಾರಾಯ್ತಿ. ನಿನ್ನನ್ನು ಕಾಯಂ ಮಾಡುವ ಕಾಗದ ಈ ವಾರ ಅವರ ಮೇಜಿನ ಮೇಲೆ ಉಂಟು, ಅದೂ ನಿಂಗೆ ಗೊತ್ತಿರ್ಲಿ. ಮೊದಲಿನ ವರದಿಗೆ ನನ್ನ ಸೈನ್ ಉಂಟು. ಎರಡನೇದಕ್ಕೂ ಹಾಕ್ತೇನೆ, ನೀನು ಯಾವುದು ತಂದ್ರೂ.”

ಹೇಳಿ ಚಹಾಕ್ಕೆ ಹೋದರು. ಬೇಕೆಂದೇ ಹೋದರೆಂದು ಈಗ ಅನಿಸುತ್ತದೆ. ನನ್ನನ್ನು ಗದರಿಸಿ ಬರೆಸಬಹುದಿತ್ತು. ಬರೆಸಿದ್ದರೆ ಅದು ಅವರ ಪ್ರಾಮಾಣಿಕತೆಯಾಗುತ್ತಿತ್ತು. ಆ ಹತ್ತು ನಿಮಿಷ ಅವರು ನನ್ನನ್ನು ಒಬ್ಬಳೇ ಬಿಟ್ಟದ್ದಕ್ಕೆ ನಾನು ಇವತ್ತಿಗೂ ಕೃತಜ್ಞಳು.

ಬೆಳಗಿನ ವರದಿಯನ್ನು ಹರಿದು ಬೇರೆ ಬರೆದೆ. “ಮೊದಲ ಭೇಟಿಯಲ್ಲಿ ಸಮಯ ಸರಿಯಿದೆ ಎಂದು ನಾನು ದಾಖಲಿಸಿದ್ದು ತಪ್ಪು. ಅದನ್ನು ಅಲ್ಲಿನ ಗೋಡೆ ಗಡಿಯಾರದೊಂದಿಗೆ ಹೋಲಿಸಿದ್ದೆ, ಸರ್ವರಿನ ಸಮಯದೊಂದಿಗೆ ಹೋಲಿಸಲಿಲ್ಲ. ಆ ಸ್ಥಳದಿಂದ ಸೇರಿಸುವುದು ಸಾಧ್ಯವಿಲ್ಲ ಎಂಬ ನನ್ನ ಅಭಿಪ್ರಾಯಕ್ಕೆ ಆಧಾರವಿರಲಿಲ್ಲ. ಯಂತ್ರ ಈಗ ಡೊಮೇನಿನಲ್ಲಿದೆ. ಬೊರಿವಲಿಯ ಮೇಜನ್ನು ಮುಚ್ಚಲು ತಾಂತ್ರಿಕ ಕಾರಣ ಯಾವುದೂ ಇಲ್ಲ.” ಸರ್ ಬಂದು ಓದಿ, ಅಲ್ಪವಿರಾಮವನ್ನೂ ಮುಟ್ಟದೆ ಸಹಿ ಮಾಡಿದರು. ಆ ತಿಂಗಳೇ ಹನ್ನೊಂದನೆಯ ಸಾಲನ್ನು ತಿದ್ದಿ ಹೊಸ ಹಾಳೆ ಅಚ್ಚು ಹಾಕಿಸಿದರು. ಅದರಲ್ಲಿ ಚೌಕ ಇರಲಿಲ್ಲ. ಸಮಯವನ್ನು ಯಾವುದರೊಂದಿಗೆ ಹೋಲಿಸಿದಿರಿ ಎಂಬ ಪ್ರಶ್ನೆ, ಮುಂದೆ ಉತ್ತರ ಬರೆಯಲು ಗೆರೆ. ಮುಂದೆ ಈ ಕೆಲಸ ಕಲಿತವರೆಲ್ಲ ಆ ಗೆರೆಯ ಮೇಲೆ ಬರೆದೇ ಕಲಿತರು. ಯಾಕೆ ಗೆರೆ ಬಂತೆಂದು ಸರ್ ಯಾರಿಗೂ ಹೇಳಲಿಲ್ಲ. ನಾನೂ ಹೇಳುತ್ತಿರುವುದು ಇದೇ ಮೊದಲು.

ವರದಿ ಹಿಡಿದು ಮಧ್ಯಾಹ್ನ ಮೆಹ್ತಾ ಸಾಹೇಬರ ಕ್ಯಾಬಿನ್ನಿಗೆ ಹೋದೆ. ಸಾಲಿಯಾನ್ ಸರ್ ಬಾಗಿಲ ಬಳಿ ನಿಂತರು. ಸಾಹೇಬರು ಓದಿ ಕೇಳಿದ್ದು ಒಂದೇ.

“ಗಲತಿ ಕಿಸ್ಕಿ ಹೈ?”

“ಮೇರಿ, ಸರ್.”

ತಪ್ಪು ಯಾರದು ಎಂದರೆ ನನ್ನದು. ಆ ಕದಮ್ ಗಡಿಯಾರ ಮುಂದೆ ಇಟ್ಟದ್ದು ತಪ್ಪಲ್ಲವೇ ಎಂದು ಸಾಹೇಬರು ಹಿಂದಿಯಲ್ಲೇ ಕೇಳಿದರು. ಕಾಕಾ ಲೋಕಲ್ ತಪ್ಪಬಾರದೆಂದು ಇಟ್ಟದ್ದು, ಅದನ್ನು ಕಂಡುಹಿಡಿಯುವ ಕೆಲಸಕ್ಕೆ ಕಂಪನಿ ನನ್ನನ್ನು ಕಳಿಸಿತ್ತು ಎಂದೆ. ಸಾಹೇಬರು ಗೋಡೆಯ ಗಡಿಯಾರ ನೋಡಿದರು. ಆಮೇಲೆ ತಮ್ಮ ಕೈಗಡಿಯಾರವನ್ನು ನೋಡಿಕೊಂಡರು, ನೋಡಿ ಅಂಗಿಯ ತೋಳನ್ನು ಅದರ ಮೇಲೆ ಎಳೆದುಕೊಂಡರು. ಬಾಗಿಲ ಬಳಿ ಸಾಲಿಯಾನ್ ಸರ್ ಕೆಮ್ಮಿದರು.

ಸಾಹೇಬರು ವರ್ಗಾವಣೆ ಆದೇಶದ ಪ್ರತಿ ತರಿಸಿ ಅಡ್ಡ ಗೆರೆ ಎಳೆದು ರದ್ದು ಎಂದು ಬರೆದರು. ಇನ್ನೊಂದು ಕಾಗದ ತೆಗೆದು, ಅದು ನನ್ನದು, ಪ್ರೊಬೇಷನ್ ಇನ್ನೂ ಮೂರು ತಿಂಗಳು ಎಂದು ಬರೆದರು. ಎರಡಕ್ಕೂ ಒಂದೇ ಪೆನ್ನು. “ಠೀಕ್ ಹೈ?” ಎಂದು ಕೇಳಿದರು. ಠೀಕ್ ಹೈ ಎಂದೆ. ನಿಜವಾಗಿಯೂ ಸರಿಯೇ ಇತ್ತು.

ಕಾಗದ ಹಿಡಿದು ನಮ್ಮ ವಿಭಾಗಕ್ಕೆ ಬಂದು ಬೊರಿವಲಿಗೆ ಫೋನ್ ಮಾಡಿದೆ. ರಿಂಗಾಯಿತು. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ, ಕೊನೆಯವರೆಗೂ ರಿಂಗಾಗಿ ನಿಂತಿತು.

“ಗೇಟಿಗೆ ಮಾಡಿ ಕರೆಸು” ಎಂದರು ಸಾಲಿಯಾನ್ ಸರ್.

ಆಗ ಒಂದು ಗಂಟೆ ದಾಟಿ ಎಂಟು ನಿಮಿಷವಾಗಿತ್ತು.

“ಬ್ಯಾಡ್ರಿ ಸರ್. ಮನಿಗೆ ಹೋಗಿರ್ತಾರ. ಉಣಿಸಿ ಬರ್ಲಿ.”

ಅವರು ತಮ್ಮ ಕುರ್ಚಿಯನ್ನು ಫೋನಿನ ಹತ್ತಿರಕ್ಕೆ ಎಳೆದುಕೊಂಡು ಕೂತರು. ನಾನೂ ಕೂತೆ. ಊಟದ ಡಬ್ಬಿ ತೆಗೆಯಲಿಲ್ಲ. ಅರ್ಧ ತಾಸು ಇಬ್ಬರೂ ಹಾಗೆಯೇ ಕಾದೆವು.